ನಡುಹಗಲಿನ ಪಿಶಾಚಿ ಮತ್ತು ಅರ್ಧಕ್ಕೆ ನಿಂತ ಮನೆಗೆಲಸ



ಒಣಗಿದ ಬಟ್ಟೆಗಳನ್ನು ಮಡಚಿಡಲೆಂದು ನೀವು ಕುಳಿತಿದ್ದೀರಿ. ನಾಲ್ಕು ಬಟ್ಟೆ ಮಡಚುವಷ್ಟರಲ್ಲಿ ಒಂದು ಅಂಗಿಯ ಗುಂಡಿ ಸಡಿಲವಾಗಿರುವುದು ಕಣ್ಣಿಗೆ ಬೀಳುತ್ತದೆ. ಸೂಜಿದಾರಕ್ಕಾಗಿ ಕಪಾಟು ತೆರೆದರೆ ಅಲ್ಲಿ ಹಳೆಯ ಮದುವೆಯ ಆಲ್ಬಂ. ಅದನ್ನು ತಿರುವುತ್ತಿದ್ದಂತೆ ಊರಿನ ಚಿಕ್ಕಮ್ಮನ ನೆನಪಾಗಿ ಮೊಬೈಲ್ ಕೈಗೆತ್ತಿಕೊಳ್ಳುತ್ತೀರಿ. ಅರ್ಧ ಗಂಟೆಯ ನಂತರ ಕುಕ್ಕರ್ ಕೂಗಿ ಎಚ್ಚರಿಸಿದಾಗ ಬಟ್ಟೆಯ ರಾಶಿ ಇದ್ದಲ್ಲೇ ಇದೆ. ಗುಂಡಿಯೂ ಸಡಿಲವಾಗಿಯೇ ಇದೆ. ಇದು ನಿಮ್ಮ ಮನೆಯ ಕಥೆಯಾಗಿದ್ದರೆ ನಾಚಿಕೊಳ್ಳಬೇಕಾಗಿಲ್ಲ. ಸುಮಾರು ಸಾವಿರದ ಆರುನೂರು ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ, ಆಲ್ಬಮ್ಮೂ ಮೊಬೈಲೂ ಇಲ್ಲದ ಬರಿಯ ಕೋಣೆಗಳಲ್ಲಿ, ಇದೇ ಕಥೆ ನಡೆದಿತ್ತು.

ಅದನ್ನು ಬರೆದಿಟ್ಟವರು ಎವಾಗ್ರಿಯುಸ್. ಕಪ್ಪು ಸಮುದ್ರದ ತೀರದ ಪೊಂತುಸ್ ಪ್ರಾಂತ್ಯದಲ್ಲಿ ಸುಮಾರು 345ರಲ್ಲಿ ಹುಟ್ಟಿದ ಇವರು ಕಾನ್ಸ್ಟಾಂಟಿನೋಪಲ್ ನಗರದಲ್ಲಿ ಹೆಸರುವಾಸಿಯಾದ ವಿದ್ವಾಂಸರು. 383ರ ಸುಮಾರಿಗೆ ಎಲ್ಲವನ್ನೂ ಬಿಟ್ಟು ಈಜಿಪ್ಟಿಗೆ ಬಂದು, ಮೊದಲು ನಿತ್ರಿಯಾದಲ್ಲಿ, ಬಳಿಕ ಕೆಲ್ಲಿಯಾ ಎಂಬಲ್ಲಿ ವಿರಕ್ತರಾಗಿ ನೆಲೆಸಿದರು. 399ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಕೆಲವು ಚಿಂತನೆಗಳನ್ನು ಮುಂದೆ ಧರ್ಮಸಭೆ ಒಪ್ಪಲಿಲ್ಲ. ಆದರೆ ಮನಸ್ಸಿನ ಚಲನವಲನವನ್ನು ಅವರಷ್ಟು ಹತ್ತಿರದಿಂದ ನೋಡಿದವರು ವಿರಳ.

ಮರುಭೂಮಿಯ ವಿರಕ್ತರೆಂದರೆ ಇಡೀ ದಿನ ಕಣ್ಣುಮುಚ್ಚಿ ಕುಳಿತವರೆಂದು ಭಾವಿಸಬೇಡಿ. ನೀರು ಸೇದುವುದು, ಬೇಯಿಸುವುದು, ಖರ್ಜೂರದ ಗರಿಗಳನ್ನು ನೆನೆಹಾಕಿ ಹಗ್ಗ, ಚಾಪೆ, ಬುಟ್ಟಿ ಹೆಣೆಯುವುದು ಅವರ ನಿತ್ಯದ ಕೆಲಸ. ಎವಾಗ್ರಿಯುಸ್ ಗ್ರಂಥಗಳನ್ನು ನಕಲು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಊಟ ದಿನಕ್ಕೊಂದೇ, ಅದೂ ನಮ್ಮ ಲೆಕ್ಕದ ಮಧ್ಯಾಹ್ನ ಮೂರು ಗಂಟೆಗೆ. ಹತ್ತರಿಂದ ಎರಡರವರೆಗಿನ ಆ ಹೊತ್ತನ್ನು ಎವಾಗ್ರಿಯುಸ್ ವರ್ಣಿಸಿರುವ ಬಗೆ ಓದಿದರೆ ನಗು ಬರುತ್ತದೆ. ಸೂರ್ಯ ನಿಂತಲ್ಲಿಂದ ಕದಲುವುದೇ ಇಲ್ಲ. ದಿನಕ್ಕೆ ಐವತ್ತು ಗಂಟೆಗಳಿವೆಯೋ ಎಂದೆನಿಸುತ್ತದೆ. ವಿರಕ್ತ ಎದ್ದು ಕಿಟಕಿಯಲ್ಲಿ ಇಣುಕುತ್ತಾನೆ. ಹೊರಗೆ ಬಂದು, ಊಟಕ್ಕೆ ಇನ್ನೆಷ್ಟು ಹೊತ್ತೆಂದು ಸೂರ್ಯನನ್ನು ನೋಡುತ್ತಾನೆ. ಸಹೋದರರು ಯಾರಾದರೂ ಬರುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣು ಹಾಯಿಸುತ್ತಾನೆ. ಕೈಯಲ್ಲಿರುವ ಕೆಲಸ ಬೇಸರ, ಇರುವ ಸ್ಥಳ ಬೇಸರ. ಬೇರೆಲ್ಲಿಯಾದರೂ ಹೋದರೆ ಎಲ್ಲವೂ ಸುಲಭವಾದೀತೆಂಬ ಆಸೆ. ಇದಕ್ಕೆ ಅವರು ಬಳಸಿದ ಗ್ರೀಕ್ ಪದ 'ಅಕೀದಿಯಾ'. ಇನ್ನೊಂದು ಹೆಸರು ನಡುಹಗಲಿನ ಪಿಶಾಚಿ. ಆ ಹೆಸರು 91ನೆಯ ಕೀರ್ತನೆಯ ಗ್ರೀಕ್ ಅನುವಾದದಿಂದ ಬಂದದ್ದು. ಹೀಬ್ರೂ ಮೂಲದ ಆ ಸಾಲಿನಲ್ಲಿ ಪಿಶಾಚಿಯ ಮಾತಿಲ್ಲ, ನಡುಹಗಲಿನ ವಿನಾಶದ ಮಾತಿದೆ.

ಎವಾಗ್ರಿಯುಸರ ವಿಚಾರಗಳನ್ನು ಪಶ್ಚಿಮಕ್ಕೆ ಕೊಂಡೊಯ್ದವರು ಜಾನ್ ಕ್ಯಾಸಿಯನ್. ಈಜಿಪ್ಟಿನ ವಿರಕ್ತರ ನಡುವೆ ಹಲವು ವರ್ಷ ಕಳೆದು, ಫ್ರಾನ್ಸಿನ ಮಾರ್ಸೆಯ್ ನಗರದಲ್ಲಿ ನೆಲೆನಿಂತು, 420ರ ದಶಕದಲ್ಲಿ ಮಠಜೀವನದ ಬಗ್ಗೆ ಹನ್ನೆರಡು ಭಾಗಗಳ ಕೃತಿಯೊಂದನ್ನು ರಚಿಸಿದರು. ಹತ್ತನೆಯ ಭಾಗ ಪೂರ್ತಿ ಅಕೀದಿಯಾಕ್ಕೇ ಮೀಸಲು. ಅವರ ಒಂದು ಮಾತು ನನಗೆ ಚುರುಕು ಮುಟ್ಟಿಸಿತು. ಕೋಣೆಯಲ್ಲಿ ಕುಳಿತಿರಲಾರದ ವಿರಕ್ತನಿಗೆ ಹೊಳೆಯುವ ನೆಪಗಳು ಕೆಟ್ಟವಲ್ಲ, ಪುಣ್ಯದ ಕೆಲಸಗಳೇ! ದೂರದಲ್ಲಿರುವ ರೋಗಿಯನ್ನು ನೋಡಿಬರಬೇಕು, ದಿಕ್ಕಿಲ್ಲದ ಭಕ್ತೆಯೊಬ್ಬಳನ್ನು ವಿಚಾರಿಸಿಬರಬೇಕು. ಗುಂಡಿ ಹೊಲಿಯುವುದೂ ಚಿಕ್ಕಮ್ಮನ ಕ್ಷೇಮ ವಿಚಾರಿಸುವುದೂ ಒಳ್ಳೆಯ ಕೆಲಸಗಳೇ ತಾನೇ? ದಾರಿ ತಪ್ಪಿಸುವುದು ಯಾವಾಗಲೂ ಕೆಟ್ಟದ್ದೇ ಆಗಿದ್ದರೆ ನಾವು ಇಷ್ಟು ಸುಲಭವಾಗಿ ತಪ್ಪುತ್ತಿರಲಿಲ್ಲ.

ಲೂಕನ ಶುಭಸಂದೇಶದ ಮಾರ್ತಳನ್ನು ಇಲ್ಲಿ ನೆನೆಯಬಹುದು. ಅವಳನ್ನು ಮನೆಗೆಲಸವೇ ಪ್ರಭುವಿನ ಮಾತಿನಿಂದ ಅತ್ತಿತ್ತ ಎಳೆಯಿತು; ನಮ್ಮನ್ನು ಮಿಕ್ಕದ್ದೆಲ್ಲವೂ ಮನೆಗೆಲಸದಿಂದ ಎಳೆಯುತ್ತದೆ. ಎಳೆತ ಒಂದೇ, ದಿಕ್ಕು ಬೇರೆ.

ಇದಕ್ಕೆ ಅವರು ಕಂಡುಕೊಂಡ ಮದ್ದೇನು? ಸಂತ ಅಂತೋಣಿಯವರ ಬಗ್ಗೆ ಒಂದು ಕಥೆಯಿದೆ. (ಡೋರನಹಳ್ಳಿಗೆ ಹೋಗಿ ನಾವು ಹರಕೆ ಸಲ್ಲಿಸುವ ಪಾದುವಾದ ಅಂತೋಣಿಯವರಲ್ಲ, ಇವರು ಅವರಿಗಿಂತ ಸುಮಾರು ಒಂಬೈನೂರು ವರ್ಷ ಹಿಂದಿನವರು.) ಮನಸ್ಸು ಬಳಲಿ, ಏನೂ ತೋಚದೆ ಹೊರಬಂದ ಅವರಿಗೆ ತಮ್ಮಂತೆಯೇ ಇರುವ ಒಬ್ಬ ವ್ಯಕ್ತಿ ಕಂಡನಂತೆ. ಆತ ಕುಳಿತು ಕೆಲಸ ಮಾಡುತ್ತಾನೆ, ಎದ್ದು ಪ್ರಾರ್ಥಿಸುತ್ತಾನೆ, ಮತ್ತೆ ಕುಳಿತು ಹಗ್ಗ ಹೆಣೆಯುತ್ತಾನೆ. ಆತ ದೇವದೂತ. ಹೀಗೆಯೇ ಮಾಡು ಎಂಬುದಷ್ಟೇ ಸಿಕ್ಕ ಬುದ್ಧಿವಾದ. ಅಬ್ಬ ಪೌಲ್ ಎಂಬ ಹಿರಿಯರ ವಿಷಯ ಇನ್ನೂ ವಿಚಿತ್ರ. ಅವರ ಗುಹೆಯಿಂದ ಊರಿಗೆ ಏಳು ದಿನಗಳ ದಾರಿ; ಹೆಣೆದದ್ದನ್ನು ಮಾರಲು ಸಾಗಿಸಿದರೆ ಸಾಗಣೆಗೇ ಹೆಚ್ಚು ಖರ್ಚು. ಆದರೂ ಪ್ರತಿದಿನ ತಪ್ಪದೆ ಕೆಲಸ ಮಾಡಿ, ವರ್ಷಕ್ಕೊಮ್ಮೆ ಗುಹೆ ತುಂಬಿದಾಗ ಎಲ್ಲವನ್ನೂ ಸುಟ್ಟುಹಾಕುತ್ತಿದ್ದರಂತೆ. ಕ್ಯಾಸಿಯನ್ ಇದನ್ನು ಮೆಚ್ಚುಗೆಯಿಂದ ಹೇಳುತ್ತಾರೆ. ನನಗಂತೂ ಅರಗಿಸಿಕೊಳ್ಳಲು ಕಷ್ಟ. ಆದರೆ ದಿನವೂ ತೊಳೆದು ದಿನವೂ ಕೊಳೆಯಾಗುವ ಪಾತ್ರೆಗಳ ಮುಂದೆ ನಿಂತವರಿಗೆ ಇದು ಬೇಗ ಅರ್ಥವಾಗಬಹುದು.

ಮುಂದೆ ಈ ಪದಕ್ಕೆ ಒಂದು ಅನ್ಯಾಯವಾಯಿತು. ಆರನೆಯ ಶತಮಾನದ ಕೊನೆಯಲ್ಲಿ ಜಗದ್ಗುರು ಒಂದನೆಯ ಗ್ರೆಗರಿಯವರು ಮಾಡಿದ ಪಾಪಗಳ ಪಟ್ಟಿಯಲ್ಲಿ ಅಕೀದಿಯಾದ ಬದಲು ದುಃಖವೆಂಬುದಿದೆ. ಮಧ್ಯಯುಗದಲ್ಲಿ ಅದು ಪಟ್ಟಿಗೆ ಮರಳಿತು. ಆದರೆ ಜನರ ಬಾಯಲ್ಲಿ ಸವೆದು ಸವೆದು ಕೊನೆಗೆ ಬರಿಯ 'ಸೋಮಾರಿತನ'ವಾಯಿತು. ಎವಾಗ್ರಿಯುಸ್ ಕಂಡವನು ಸೋಮಾರಿಯಲ್ಲ, ದಣಿದವನು. ಒಂದೆಡೆ ನಿಲ್ಲಲಾರದೆ ಸುಮ್ಮನೆ ಓಡಾಡುವವನು. ಇದನ್ನು ತಿಳಿಯದೆ ನಾನೂ ತಪ್ಪು ಮಾಡಿದ್ದೇನೆ. ಪಾತ್ರೆಗಳನ್ನು ಅರ್ಧ ತೊಳೆದಿಟ್ಟು ಜಗಲಿಯಲ್ಲಿ ಕುಳಿತಿದ್ದ ಮಗಳನ್ನು ಒಮ್ಮೆ ನೆಂಟರೆದುರು ಸೋಮಾರಿ ಎಂದೆ. ಅವಳು ಎದುರಾಡದೆ ಒಳಗೆ ಹೋಗಿ ಉಳಿದವನ್ನು ತೊಳೆದಳು. ಪರೀಕ್ಷೆಯ ಭಯದಲ್ಲಿ ಮೂರು ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲವೆಂದು ತಾಯಿ ಹೇಳಿದ್ದು ಆಮೇಲೆ. ನಾನಾದರೋ ಅಂದು ಒಂದು ಲೋಟವನ್ನೂ ತೊಳೆದಿರಲಿಲ್ಲ.

ಆರನೆಯ ಶತಮಾನದ ಸಂತ ಬೆನೆಡಿಕ್ಟರು ಈ ವಿಷಯದಲ್ಲಿ ನನಗಿಂತ ವಿವೇಕಿ. ತಮ್ಮ ನಿಯಮಾವಳಿಯ 35ನೆಯ ಅಧ್ಯಾಯದಲ್ಲಿ ಅವರು ಅಡಿಗೆಮನೆಯ ಸೇವೆಯನ್ನು ವಾರದ ಸರದಿಯಾಗಿ ಎಲ್ಲರಿಗೂ ಹಂಚಿದರು. ಶಕ್ತಿ ಸಾಲದವರಿಗೆ ಸಹಾಯಕರನ್ನು ಕೊಡಿ, ಕೊರಗುತ್ತಾ ಕೆಲಸ ಮಾಡುವಂತಾಗಬಾರದು ಎಂದರು. ಸರದಿ ಮುಗಿಸುವವರು ಶನಿವಾರ ಶುಚಿಗೊಳಿಸಬೇಕು, ಕೈ ಕಾಲು ಒರೆಸುವ ವಸ್ತ್ರಗಳನ್ನು ಒಗೆಯಬೇಕು, ಪಾತ್ರೆಗಳನ್ನು ಊನವಿಲ್ಲದೆ ಉಗ್ರಾಣಿಗೆ ಒಪ್ಪಿಸಬೇಕು. ಮಠದ ಪಾತ್ರೆ ಪರಿಕರಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂಬುದು ಆ ಉಗ್ರಾಣಿಗಿದ್ದ ಆದೇಶ.

ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 1640ರಲ್ಲಿ, ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿದ ಸಹೋದರ ಲಾರೆನ್ಸ್ ಎಂಬ ಕುಂಟುಗಾಲಿನ ಮಾಜಿ ಸೈನಿಕರಿಗೆ ಅಡಿಗೆಮನೆಯೆಂದರೆ ಸ್ವಭಾವತಃ ಅಸಹ್ಯ. ಆದರೂ ಅಲ್ಲಿ ಹದಿನೈದು ವರ್ಷ ದುಡಿದರು. ಮನಸ್ಸು ಅಲೆದಾಗ ತಮ್ಮನ್ನು ತಾವು ಬೈದುಕೊಳ್ಳದೆ ಮೆಲ್ಲನೆ ಹಿಂದಕ್ಕೆ ಕರೆತರುವುದೇ ಅವರ ರೂಢಿಯಾಗಿತ್ತು.

ಎವಾಗ್ರಿಯುಸರ ಕೆಲ್ಲಿಯಾ ಬಹುಕಾಲ ಮರಳಿನಡಿ ಹೂತುಹೋಗಿತ್ತು. ಫ್ರೆಂಚ್ ವಿದ್ವಾಂಸ ಆಂಟ್ವಾನ್ ಗಿಯೊಮೊ 1964ರಲ್ಲಿ ಅದನ್ನು ಗುರುತಿಸಿದ ಮೇಲೆ ಫ್ರೆಂಚ್ ಮತ್ತು ಸ್ವಿಸ್ ತಂಡಗಳು ಅಲ್ಲಿ ಅಗೆದವು. ಹೊರಬಂದ ಕಟ್ಟಡಗಳಲ್ಲಿ ಬಹುಪಾಲು ಅವರ ನಂತರದ ಶತಮಾನಗಳವು: ಸುತ್ತ ಗೋಡೆ, ಅಂಗಳ, ಬಾವಿ, ಪೂರ್ವದ ಗೋಡೆಯಲ್ಲಿ ಗೂಡುಳ್ಳ ಪ್ರಾರ್ಥನೆಯ ಕೋಣೆ, ಅದೇ ಸೂರಿನಡಿ ಒಲೆಯಿರುವ ಅಡಿಗೆಮನೆ.