ಹಳೆಯ ಮದ್ದು, ಹೊಸ ಪೇಟೆಂಟ್

ಕಾಲ್ಚಿಸಿನ್, ಗೌಟ್ ಎಂಬ ಸಂಧಿವಾತಕ್ಕೆ ವೈದ್ಯರು ಬರೆದುಕೊಡುವ ಮಾತ್ರೆ. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಹರಳುಗಟ್ಟಿ ಕೀಲಿನಲ್ಲಿ ಕೂತರೆ ಆ ಜಾಗ, ಬಹುಮಟ್ಟಿಗೆ ಕಾಲಿನ ಹೆಬ್ಬೆರಳ ಬುಡ, ರಾತ್ರೋರಾತ್ರಿ ಕೆಂಪೇರಿ ಬಾತುಕೊಳ್ಳುತ್ತದೆ. ಹರಳುಗಳತ್ತ ನುಗ್ಗುವ ಬಿಳಿ ರಕ್ತಕಣಗಳನ್ನು ಕಾಲ್ಚಿಸಿನ್ ತಡೆಯುತ್ತದೆ. ಅದು ಉರಿಯೂತವನ್ನು ತಗ್ಗಿಸುತ್ತದೆಯೇ ಹೊರತು ಯೂರಿಕ್ ಆಮ್ಲವನ್ನು ಇಳಿಸುವುದಿಲ್ಲ.

ಇದು ಯಾವ ಕಂಪನಿಯೂ ಕಂಡುಹಿಡಿದ ಮದ್ದಲ್ಲ. ಕಾಲ್ಚಿಕಮ್ ಜಾತಿಯ ಗಿಡದ ಗಡ್ಡೆಯನ್ನು ಬೈಜಾಂಟೈನ್ ವೈದ್ಯ ಟ್ರಾಲೆಸ್‌ನ ಅಲೆಕ್ಸಾಂಡರ್ 6ನೇ ಶತಮಾನದಲ್ಲೇ ಕೀಲುನೋವಿಗೆ ಹೇಳಿದ್ದ. ಯುನಾನಿ ವೈದ್ಯರಿಗೆ ಅದು ಸುರಂಜಾನ್. ಕ್ವಿನೈನನ್ನು ಬೇರ್ಪಡಿಸಿದ ಪೆಲ್ಟಿಯೇ ಮತ್ತು ಕವೆಂತೂ 1820ರಲ್ಲಿ ಈ ಗಡ್ಡೆಯ ಸಾರವನ್ನೂ ತೆಗೆದರು. 1833ರಲ್ಲಿ ಜರ್ಮನಿಯ ಗೈಗರ್ ಅದಕ್ಕೆ ಈಗಿನ ಹೆಸರಿಟ್ಟ. ನಮ್ಮ ಕಾಡಂಚಿನಲ್ಲಿ ಬೆಂಕಿಯ ಬಣ್ಣಕ್ಕೆ ಅರಳುವ ಗೌರಿ ಹೂವಿನ ಬಳ್ಳಿಯ ಗಡ್ಡೆ, ಬೀಜಗಳಲ್ಲೂ ಇದೇ ರಾಸಾಯನಿಕವಿದೆ. ತಮಿಳುನಾಡಿನ ರೈತರು ಬೀಜಕ್ಕೆಂದೇ ಅದನ್ನು ಬೆಳೆಯುತ್ತಾರೆ. ಗಡ್ಡೆ ತಿಂದು ಸತ್ತವರೂ ಇದ್ದಾರೆ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ.

ಪೇಟೆಂಟ್ ಹುಟ್ಟಿದ್ದು ಈ ಪ್ರಮಾಣದ ಪ್ರಶ್ನೆಯಿಂದಲೇ. ಅಮೆರಿಕದಲ್ಲಿ ಹಲವು ಕಂಪನಿಗಳು ವಿಧಿವತ್ತಾದ ಅನುಮೋದನೆಯಿಲ್ಲದೆಯೇ ಈ ಮಾತ್ರೆಯನ್ನು ಸುಮಾರು 9 ಸೆಂಟಿಗೆ ಮಾರುತ್ತಿದ್ದವು. ಅಂಥ ಹಳೆಯ ಔಷಧಗಳನ್ನು ಪರೀಕ್ಷೆಗೊಡ್ಡಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಹೊರಟಿತು. ಯುಆರ್‌ಎಲ್ ಫಾರ್ಮಾ ಕಂಪನಿ 185 ರೋಗಿಗಳ ಮೇಲೆ ಪ್ರಯೋಗ ನಡೆಸಿತು. ಆರು ಗಂಟೆಗಳಲ್ಲಿ 4.8 ಮಿಲಿಗ್ರಾಂ ಕೊಡುವ ಬದಲು ಒಂದೇ ಗಂಟೆಯಲ್ಲಿ 1.8 ಮಿಲಿಗ್ರಾಂ ಕೊಟ್ಟರೂ ನೋವು ಅಷ್ಟೇ ಇಳಿಯುತ್ತದೆ, ಭೇದಿ ಬಹಳ ಕಡಿಮೆ ಎಂಬುದು ಗೊತ್ತಾಯಿತು. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ಸೇವಿಸಿದರೆ ಪ್ರಾಣಕ್ಕೇ ಅಪಾಯವೆಂಬ ಎಚ್ಚರಿಕೆಯೂ ಮಾತ್ರೆಯ ವಿವರಣೆಯಲ್ಲಿ ಸೇರಿತು. ರೋಗಿಗೆ ಇವೆರಡೂ ನಿಜವಾದ ಲಾಭ.

ಅದಕ್ಕೆ ತೆತ್ತ ಬೆಲೆ ಮಾತ್ರ ನ್ಯಾಯವಾದುದಲ್ಲ. 2009ರಲ್ಲಿ ಕೋಲ್‌ಕ್ರಿಸ್ ಹೆಸರಿನಲ್ಲಿ ಅನುಮೋದನೆ ದೊರೆತು, ಗೌಟ್‌ಗೆ ಮೂರು ವರ್ಷ, ಆನುವಂಶಿಕ ಮೆಡಿಟರೇನಿಯನ್ ಜ್ವರಕ್ಕೆ ಏಳು ವರ್ಷಗಳ ಏಕಸ್ವಾಮ್ಯ ಬಂತು. ಉಳಿದ ಕಂಪನಿಗಳ ಮಾತ್ರೆ ನಿಲ್ಲಿಸಲು 2010ರಲ್ಲಿ ಆದೇಶವಾಯಿತು. ಒಂದು ಮಾತ್ರೆ 5 ಡಾಲರ್ ಸಮೀಪಿಸಿತು. ಪೇಟೆಂಟ್‌ಗಳಿದ್ದದ್ದು ರಾಸಾಯನಿಕದ ಮೇಲಲ್ಲ, ಅದನ್ನು ಕೊಡುವ ಕ್ರಮದ ಮೇಲೆ. 2012ರಲ್ಲಿ ಜಪಾನಿನ ಟಕೆಡಾ ಸುಮಾರು 80 ಕೋಟಿ ಡಾಲರ್ ತೆತ್ತು ಯುಆರ್‌ಎಲ್ ಫಾರ್ಮಾವನ್ನೇ ಕೊಂಡಿತು. ಕೋಲ್‌ಕ್ರಿಸ್‌ನ ಜೆನೆರಿಕ್ ರೂಪ ಅಂಗಡಿಗೆ ಬಂದದ್ದು 2015ರಲ್ಲಿ.

ಭಾರತದ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಚಿಕಿತ್ಸಾ ಕ್ರಮಕ್ಕಾಗಲಿ, ಹಳೆಯ ವಸ್ತುವಿನ ಬರಿಯ ಹೊಸ ಉಪಯೋಗಕ್ಕಾಗಲಿ ಪೇಟೆಂಟ್ ಕೊಡುವುದಿಲ್ಲ. ಇಲ್ಲಿ 0.5 ಮಿಲಿಗ್ರಾಂ ಮಾತ್ರೆಯನ್ನು ಹಲವು ಕಂಪನಿಗಳು ಮಾರುತ್ತವೆ. ಅಮೆರಿಕದಲ್ಲಿ ಅದೇ 0.5 ಮಿಲಿಗ್ರಾಂ ಕಾಲ್ಚಿಸಿನ್ 2023ರಲ್ಲಿ ಹೃದಯಾಘಾತದ ಅಪಾಯ ತಗ್ಗಿಸುವ ಔಷಧವಾಗಿ, ಲೊಡೊಕೊ ಎಂಬ ಹೊಸ ಬ್ರ್ಯಾಂಡ್ ಹೆಸರಿನಲ್ಲಿ ಅನುಮೋದನೆ ಪಡೆಯಿತು.