ಹಿತ್ತಲ ಗಿಡ ಮತ್ತು ಚೀನಾದ ಚಹಾ

ಎದುರಾಳಿ ಏನು ಮಾಡುತ್ತಿದ್ದಾನೆ, ಹೇಗೆ ಮಾಡುತ್ತಿದ್ದಾನೆ ಎಂದು ತಿಳಿದು ನಮ್ಮ ಹೆಜ್ಜೆ ನಿರ್ಧರಿಸುವುದಕ್ಕೆ ಇಂದಿನ ಕಂಪನಿಗಳಲ್ಲಿ ‘ಕಾಂಪಿಟಿಟಿವ್ ಇಂಟೆಲಿಜೆನ್ಸ್’ ಎಂದು ಹೆಸರು. ಹೆಸರು ಹೊಸದು, ಕೆಲಸ ಹಳೆಯದು. ಆಫೀಸಿನಲ್ಲಿ ನಾವು ದಿನಕ್ಕೆ ನಾಲ್ಕು ಸಲ ಕುಡಿಯುವ ಚಹಾದ ಹಿಂದೆಯೂ ಅಂಥದೊಂದು ಕಥೆಯಿದೆ.

19ನೇ ಶತಮಾನದ ಮೊದಲರ್ಧದಲ್ಲಿ ಬ್ರಿಟನ್ನಿನ ಚಹಾ ಹೆಚ್ಚುಕಡಿಮೆ ಪೂರ್ತಿ ಚೀನಾದಿಂದ ಬರುತ್ತಿತ್ತು. ಈ ಅವಲಂಬನೆ ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ 1848ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯತಜ್ಞನನ್ನು ಅಲ್ಲಿಗೆ ಕಳಿಸಿತು. 1842ರ ಒಪ್ಪಂದದಂತೆ ವಿದೇಶಿಯರಿಗೆ ತೆರೆದಿದ್ದು ಐದು ಬಂದರುಗಳು ಮಾತ್ರ, ಒಳನಾಡಿಗೆ ಹೋಗುವಂತಿರಲಿಲ್ಲ. ಫಾರ್ಚೂನ್ ತಲೆ ಬೋಳಿಸಿ, ಜಡೆ ಕಟ್ಟಿ, ಚೀನೀ ಉಡುಪು ತೊಟ್ಟು ಚಹಾ ಬೆಟ್ಟಗಳಿಗೆ ಹೊರಟ.

ಹಸಿರು ಚಹಾ, ಕಪ್ಪು ಚಹಾ ಬೇರೆಬೇರೆ ಗಿಡದವು ಎಂದು ಯುರೋಪಿನಲ್ಲಿ ಅನೇಕರು ನಂಬಿದ್ದರು. ಗಿಡ ಒಂದೇ, ವ್ಯತ್ಯಾಸ ಎಲೆಯನ್ನು ಹದಮಾಡುವುದರಲ್ಲಿದೆ ಎಂಬುದನ್ನು ಅವನು ಕಣ್ಣಾರೆ ಕಂಡ. ರಫ್ತಿನ ಹಸಿರು ಚಹಾಕ್ಕೆ ಪ್ರಷ್ಯನ್ ನೀಲಿ ಮತ್ತು ಜಿಪ್ಸಮ್ ಬೆರೆಸಿ ಬಣ್ಣ ಕಟ್ಟುವುದನ್ನೂ ನೋಡಿದ. ಚಹಾ ಬೀಜ ಬೇಗ ಜೀವ ಕಳೆದುಕೊಳ್ಳುತ್ತದೆ. ಹಾಗಾಗಿ ಗಾಜಿನ ಪೆಟ್ಟಿಗೆಗಳೊಳಗಿನ ಮಣ್ಣಿನಲ್ಲೇ ಬಿತ್ತಿದ, ಹಡಗಿನಲ್ಲೇ ಅವು ಮೊಳೆತವು. 1851ರಲ್ಲಿ ಸಾವಿರಾರು ಸಸಿಗಳ ಜೊತೆಗೆ ಚೀನೀ ಕಸುಬುದಾರರನ್ನೂ ಹಿಮಾಲಯದ ಸರ್ಕಾರಿ ತೋಟಗಳಿಗೆ ಕರೆತಂದ. ಗಿಡ ತಂದರೆ ಸಾಲದು, ಹದ ಬಲ್ಲ ಕೈಗಳೂ ಬೇಕು ಎಂಬುದು ಕಂಪನಿಗೆ ಅರ್ಥವಾಗಿತ್ತು.

ಆದರೂ ಭಾರತದ ಚಹಾ ಉದ್ಯಮವನ್ನು ಮುಖ್ಯವಾಗಿ ಎತ್ತಿ ನಿಲ್ಲಿಸಿದ್ದು ಆ ಸಸಿಗಳಲ್ಲ. ಅಸ್ಸಾಮಿನ ಸಿಂಗ್ಫೋ ಜನ ಬಳಸುತ್ತಿದ್ದ ಸ್ಥಳೀಯ ಚಹಾ ಗಿಡದ ಸುದ್ದಿ 1823ರಲ್ಲೇ ರಾಬರ್ಟ್ ಬ್ರೂಸ್‌ಗೆ ಸಿಕ್ಕಿತ್ತು. ಅಸ್ಸಾಂ ಚಹಾ 1839ರಲ್ಲಿ ಲಂಡನ್ನಿನ ಹರಾಜಿಗೂ ಹೋಗಿತ್ತು. ಆದರೆ ಚೀನಾದ ಗಿಡವೇ ಶ್ರೇಷ್ಠ ಎಂಬ ನಂಬಿಕೆ ಸುಲಭಕ್ಕೆ ಬಿಡಲಿಲ್ಲ. ಕೊನೆಗೆ ಬಯಲಿನ ಸೆಕೆ, ಮಳೆಗೆ ಒಗ್ಗಿದ್ದು ಅಸ್ಸಾಂ ತಳಿ. ಚೀನೀ ತಳಿ ಡಾರ್ಜಿಲಿಂಗಿನಂಥ ತಂಪು ಬೆಟ್ಟಗಳಲ್ಲಿ ನೆಲೆ ಕಂಡಿತು. ಶತಮಾನ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಭಾರತದ ಚಹಾ ಚೀನಾದ ಚಹಾವನ್ನು ಹಿಂದೆ ಹಾಕಿತ್ತು.

ಎದುರಾಳಿಯ ವಾರ್ಷಿಕ ವರದಿ, ಪೇಟೆಂಟ್, ಕೆಲಸದ ಜಾಹೀರಾತುಗಳನ್ನು ಓದಿ ಅರ್ಥ ಹಚ್ಚುವುದು ಅಧ್ಯಯನ; ವೇಷ ಮರೆಸಿ ಒಳಹೊಕ್ಕು ತರುವುದು ಕಳವು. ಈ ಗೆರೆಯನ್ನು ಇಂದಿನ ಕಂಪನಿಗಳು ಮರೆಯುವಂತಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಪರರ ಗುಟ್ಟಿಗೆ ಹಣ ಸುರಿಯುವ ಮೊದಲು ನಮ್ಮಲ್ಲಿ ಏನಿದೆ, ಅದನ್ನು ಬಲ್ಲವರು ಯಾರು ಎಂದು ಕೇಳಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಂಬಿ ಕೂತವರಿಗೆ ಸಿಂಗ್ಫೋ ಜನರ ಮನೆಯ ಚಹಾ ಕಾಣುವುದು ತಡವಾಗಿಯೇ.