ಎಲೆಗಳಲ್ಲಿ ಉಳಿದ ವ್ಯಾಧಿಯ ವಂಶಾವಳಿ

ಅಮೆರಿಕದ ಫ್ಲಾರಿಡಾ ಸೀಮೆಯ ನಿಂಬೆಯ ಕುಲದ ಮರಗಳ ತೋಟಗಳಲ್ಲಿ 1910ರ ಸುಮಾರಿಗೆ ಕಾಣಿಸಿಕೊಂಡು, ಎಲೆ, ಕಾಯಿ, ಎಳೆಗೊಂಬೆಗಳ ಮೇಲೆ ಹಳದಿಯ ಅಂಚುಳ್ಳ ಒರಟು ಗಂಟುಗಳನ್ನೆಬ್ಬಿಸುತ್ತ ಹಬ್ಬಿದ ಕಜ್ಜಿರೋಗವು ಜಪಾನಿನಿಂದ ತರಿಸಿದ ಸಸಿಗಳೊಡನೆ ಬಂದಿತೆಂದು ಬಗೆದ ಅಲ್ಲಿಯ ಜನರು, ಅದಕ್ಕೆ ಮದ್ದು ಕಾಣದೆ, ಸೋಂಕಿದ ಮರಗಳಿಗೆ ಎಣ್ಣೆಯೆರಚಿ ನಿಂತಲ್ಲಿಯೇ ಸುಟ್ಟರು. ಶಿಲೀಂಧ್ರದ ಕೃತ್ಯವೆಂದು ಮೊದಲು ಭಾವಿಸಲ್ಪಟ್ಟಿದ್ದ ಈ ವ್ಯಾಧಿಗೆ ಬ್ಯಾಕ್ಟೀರಿಯವೇ ಕಾರಣವೆಂಬುದನ್ನು 1915ರಲ್ಲಿ ಕ್ಲಾರಾ ಹ್ಯಾಸೆ ಎಂಬ ವಿದುಷಿಯು ತೋರಿಸಿಕೊಟ್ಟರು. ಆದರೆ ಆ ಜೀವಿಯ ತವರು ಯಾವುದೆಂಬ ಪ್ರಶ್ನೆಯು ಹಾಗೆಯೇ ಉಳಿಯಿತು.

ಉತ್ತರದ ಸುಳಿವು ದೊರೆತುದು ತೋಟದಲ್ಲಲ್ಲ. 1933ರಲ್ಲಿ ಹೊವರ್ಡ್ ಫಾಸೆಟ್ ಮತ್ತು ಆನಾ ಜೆಂಕಿನ್ಸ್ ಎಂಬ ವಿದ್ವಾಂಸರು ಇಂಗ್ಲೆಂಡಿನ ಕ್ಯೂ ಉದ್ಯಾನದ ಹರ್ಬೇರಿಯಂ ಎಂಬ ಒಣಸಸ್ಯಗಳ ಸಂಗ್ರಹಾಲಯದಲ್ಲಿ ರಕ್ಷಿತವಾಗಿದ್ದ ಒಣ ಮಾದರಿಗಳನ್ನು ಪರೀಕ್ಷಿಸಿ, 1827ರಿಂದ 1831ರ ನಡುವೆ ಭಾರತದಲ್ಲಿ ಕೊಯ್ದ ಮಾದಳದ ಎಲೆಗಳ ಮೇಲೆಯೂ, 1842-44ರಲ್ಲಿ ಜಾವಾದಲ್ಲಿ ಕೊಯ್ದ ನಿಂಬೆಯ ಎಲೆಗಳ ಮೇಲೆಯೂ ಅದೇ ಕಜ್ಜಿಯ ಗುರುತುಗಳನ್ನು ಕಂಡರು. ಗಿಡದ ಜಾತಿಯನ್ನರಿಯಲೆಂದು ಎಲೆಯನ್ನು ಒತ್ತಿಟ್ಟ ಸಂಗ್ರಾಹಕರು ತಮಗರಿವಿಲ್ಲದೆಯೇ ರೋಗದ ಚರಿತ್ರೆಯನ್ನೂ ಕಾಪಿಟ್ಟಿದ್ದರೆಂಬುದು, ಹಳೆಯ ಸಂಗ್ರಹಗಳನ್ನು ನಿರುಪಯುಕ್ತವೆಂದು ಕಡೆಗಣಿಸುವವರು ಗಮನಿಸಬೇಕಾದ ಸಂಗತಿ.

ಎಲೆಯ ಮೇಲಿನ ಗಂಟು ರೋಗದ ಇರವನ್ನು ಹೇಳೀತೇ ಹೊರತು ಅದರ ವಂಶವನ್ನು ಹೇಳದು. ಮಾರಿಷಸ್ ದ್ವೀಪದಲ್ಲಿ 1937ರಲ್ಲಿ ಸಂಗ್ರಹಿಸಿದ ಮಾದರಿಯೊಂದರಿಂದ ಬ್ಯಾಕ್ಟೀರಿಯದ ಡಿಎನ್‌ಎಯನ್ನು ತೆಗೆದು, ಅದರ ಜೀನೋಮನ್ನು ಜೋಡಿಸಿ 2021ರಲ್ಲಿ ಪ್ರಕಟಿಸಿದ ವಿಜ್ಞಾನಿಗಳು ಆ ಕೊರತೆಯನ್ನು ನೀಗಿದರು. ಇಂದಿನ ಬ್ಯಾಕ್ಟೀರಿಯಗಳ ಜೀನೋಮುಗಳೊಡನೆ ಅದನ್ನು ಹೋಲಿಸಿ, ತಲೆಮಾರುಗಳಲ್ಲಿ ಕೂಡಿಬಂದ ವ್ಯತ್ಯಾಸಗಳಿಂದ ಕಾಲವನ್ನು ಗಣಿಸಿದಾಗ, ರೋಗದ ಮೂಲವು ಏಷ್ಯವೆಂದೂ, ಹಿಂದೂ ಮಹಾಸಾಗರದ ನೈಋತ್ಯ ದ್ವೀಪಗಳಿಗೆ ಅದು ಹತ್ತೊಂಬತ್ತನೆಯ ಶತಮಾನದಲ್ಲಿ, ಗುಲಾಮಗಿರಿಯು ರದ್ದಾದ ಬಳಿಕ ಕೂಲಿಗಾಗಿ ಕರೆತರಲ್ಪಟ್ಟ ಜನರ ವಲಸೆಯೊಡನೆ ಬಂದಿರಬಹುದೆಂದೂ ತೋರಿಬಂದಿತು. ದೂರದ ಕಬ್ಬಿನ ತೋಟಗಳಿಗೆ ಹೋಗುವಾಗ ತವರಿನ ಗಿಡವೊಂದನ್ನು ಜತೆಗೊಯ್ದ ಬಡವರು ಅವರಲ್ಲಿದ್ದಿದ್ದರೆ, ಅವರನ್ನು ದೂರಲು ನನಗಂತೂ ಮನಸ್ಸು ಬಾರದು.

ಇದಲ್ಲದೆ, ಕಜ್ಜಿಯನ್ನುಂಟುಮಾಡುವ ಬ್ಯಾಕ್ಟೀರಿಯವೆಲ್ಲ ಒಂದೇ ಬಗೆಯದಲ್ಲ. 'ಎ' ಎಂಬ ಬಣವು ನಿಂಬೆಯ ಕುಲದ ಬಹುತೇಕ ಮರಗಳನ್ನು ಬಾಧಿಸುತ್ತ ಲೋಕವನ್ನೆಲ್ಲ ಸುತ್ತಿದ್ದರೆ, ನೈಋತ್ಯ ಏಷ್ಯದಲ್ಲಿ ಮೊದಲು ಗುರುತಿಸಿದ 'ಎ-ಸ್ಟಾರ್' ಮತ್ತು ಫ್ಲಾರಿಡಾದಲ್ಲಿ 2000ದ ಸುಮಾರಿಗೆ ಕಂಡ, ಭಾರತದ ತಳಿಗಳಿಗೆ ಸಮೀಪವಾದ 'ಎ-ಡಬ್ಲ್ಯೂ' ಬಣಗಳು ಮುಖ್ಯವಾಗಿ ಹುಳಿನಿಂಬೆಗೇ ಅಂಟಿಕೊಂಡಿವೆ. ಎ-ಡಬ್ಲ್ಯೂ ಬಣದ ಒಂದು ಜೀನು ನಿರ್ಮಿಸುವ ಪ್ರೋಟೀನು ಒಳಹೊಕ್ಕೊಡನೆ ಗ್ರೇಪ್‌ಫ್ರೂಟ್ ಮರವು ಶತ್ರುವನ್ನು ಗುರುತಿಸಿ, ಸೋಂಕಿದ ಜೀವಕೋಶಗಳನ್ನು ತಾನೇ ಕೊಂದುಕೊಂಡು, ರೋಗದ ಹಾದಿಯನ್ನು ಕಟ್ಟಿಬಿಡುತ್ತದೆ. ಹುಳಿನಿಂಬೆಗೆ ಆ ರಕ್ಷಣೆಯಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ಹೆಸರಾಂತ ಕಾಗ್ಜಿ ನಿಂಬೆಯು ಇಂಥ ಬಣಗಳಿಗೆಲ್ಲ ಎಡೆಗೊಡುವ ಜಾತಿಗೇ ಸೇರಿದುದಾದ್ದರಿಂದ, ಮಳೆಗಾಳಿಯೊಡನೆ ಕಜ್ಜಿಯು ತಳಿರಿನಿಂದ ತಳಿರಿಗೆ ದಾಟುವ ತಿಂಗಳುಗಳಲ್ಲಿ ರೈತರು ಸೋಂಕಿದ ರೆಂಬೆಗಳನ್ನು ಕತ್ತರಿಸಿ ಸುಟ್ಟು, ಉಳಿದ ಗಿಡಕ್ಕೆ ತಾಮ್ರದ ಔಷಧಿಯನ್ನು ಸಿಂಪಡಿಸಬೇಕಾಗುತ್ತದೆ.